ಗುಟ್ಟಿನ ಗಿರಾಕಿಯ ಕೂಲಿ

ಜೋಗುಪಾಳ್ಯ, ಬೆಂಗಳೂರು
೫ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಕಾವೇರಿ,

ನಿನಗೆ ನನ್ನ ಸಲಾಮು, ನಿನ್ನ ಅತ್ತೆಯವರಿಗೆ ನಮಸ್ಕಾರ. ನಿನ್ನ ಯಜಮಾನರು ಲಕ್ಷ್ಮಿಕಾಂತರ ಬೆನ್ನುನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಸೇಡಂನಿಂದ ನೀನು ಬರೆದ ಮೂರು ಕಾಗದಗಳೂ ಬಂದಿವೆ. ಮೂರಕ್ಕೂ ಉತ್ತರ ಬರೆಯದೆ ಕೂತದ್ದು ನನ್ನ ತಪ್ಪು, ಕ್ಷಮಿಸು. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಮತ್ತು ಸಿಟ್ಟು ಬಂದರೆ ನನ್ನ ಬಾಯಿಗೆ ದಖ್ನಿ ಉರ್ದು ಬಿಟ್ಟು ಬೇರೇನೂ ಬರುವುದಿಲ್ಲ. ಕಾಗದದಲ್ಲಾದರೆ ಹಲಸೂರಿನ ಸರ್ಕಾರಿ ಶಾಲೆಯ ಕನ್ನಡ ಇನ್ನೂ ಕೈಯಲ್ಲಿದೆ.

ನೀವಿದ್ದ ಮೇಲಿನ ಕೋಣೆಗೆ ಒಬ್ಬ ನರ್ಸಮ್ಮ ಬಂದಿದ್ದಾರೆ. ಒಳ್ಳೆಯವರೇ, ಆದರೆ ಬಾಗಿಲು ಹಾಕಿಕೊಂಡರೆ ತೆಗೆಯುವುದಿಲ್ಲ. ನಮ್ಮ ಮಗಳು ಲೈಬಾ ಈಗ ಎರಡನೇ ಪಿಯುಸಿ. ಬೆಳಿಗ್ಗೆ ಓದಲು ಕೂತಾಗ ಮೇಲಿನಿಂದ ರೊಟ್ಟಿ ಬಡಿಯುವ ಸದ್ದು ಕೇಳದೆ ಬೇಜಾರಾಗುತ್ತದಂತೆ. ಅಫ್ಜಲ್ ಶಿವಾಜಿನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದಾರೆ. ಹೊಲಿಯುವವರು ಕಡಿಮೆಯಾಗಿದ್ದಾರೆ, ಹಾಗಾಗಿ ಕೆಡುವ ಯಂತ್ರಗಳೂ ಕಡಿಮೆ.

ಇನ್ನು ನನ್ನ ವಿಷಯ. ಎರಡು ವರ್ಷದಿಂದ ನಾನು ಏನು ಕೆಲಸ ಮಾಡುತ್ತಿದ್ದೇನೆ ಎಂದು ನಿನಗೆ ಸರಿಯಾಗಿ ಹೇಳಿರಲಿಲ್ಲ. ಮಾರ್ಕೆಟಿಂಗ್ ಎಂದಿದ್ದೆ, ನೀನೂ ಕೆದಕಲಿಲ್ಲ. ಗಂಡನ ಹೊರತು ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೆ. ಈಗ ಆ ಸಹಿಗೆ ನಾನು ಕೊಡುವ ಮರ್ಯಾದೆ ಮುಗಿಯಿತು.

ಅದನ್ನು ಮಿಸ್ಟರಿ ಶಾಪರ್ ಎನ್ನುತ್ತಾರೆ. ಗುಟ್ಟಿನ ಗಿರಾಕಿ. ದೊಡ್ಡ ಅಂಗಡಿಗಳವರು ತಮ್ಮ ಕೆಲಸಗಾರರು ಹೇಗಿದ್ದಾರೆಂದು ಕದ್ದು ನೋಡಲು ಒಂದು ಕಂಪನಿಗೆ ದುಡ್ಡು ಕೊಡುತ್ತಾರೆ. ಆ ಕಂಪನಿ ನಮ್ಮಂಥವರನ್ನು ಗಿರಾಕಿಗಳಂತೆ ಕಳಿಸುತ್ತದೆ. ಒಳಗೆ ಹೋದ ಎಷ್ಟು ಸೆಕೆಂಡಿಗೆ ನಮಸ್ಕಾರ ಹೇಳಿದರು, ನಕ್ಕರೋ ಇಲ್ಲವೋ, ಬಿಲ್ಲಿಗೆ ಎಷ್ಟು ಹೊತ್ತು ನಿಲ್ಲಿಸಿದರು, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬಂದು ಮೊಬೈಲಿನಲ್ಲಿ ವರದಿ ತುಂಬಬೇಕು. ಒಂದು ಅಂಗಡಿಗೆ ಇನ್ನೂರು ರೂಪಾಯಿ. ಬಸ್ಸು, ಆಟೋ ನಮ್ಮದೇ. ಕೊಳ್ಳುವ ವಸ್ತುವಿಗೂ ಮೊದಲು ನಮ್ಮ ದುಡ್ಡು. ವರದಿ ಪಾಸಾದರೆ ಎರಡು ತಿಂಗಳ ಮೇಲೆ ವಾಪಸು ಕೊಡುತ್ತಾರೆ.

ಜುಲೈನಲ್ಲಿ ನನ್ನನ್ನು ಕೆ.ಆರ್. ಪುರದ ಒಂದು ಚಪ್ಪಲಿ ಅಂಗಡಿಗೆ ಹಾಕಿದರು. ಸ್ಕೂಲ್ ಶೂ ಎರಡು ಅಳತೆ ಕೇಳಬೇಕು, ಒಂದನ್ನು ಕೊಳ್ಳಬೇಕು, ಲೇಡೀಸ್ ಟಾಯ್ಲೆಟ್ ನೋಡಬೇಕು, ಮಾರನೇ ದಿನ ಮತ್ತೆ ಹೋಗಿ ಶೂ ವಾಪಸು ಕೊಟ್ಟು ಮುಖ ಸಿಂಡರಿಸುತ್ತಾರಾ ಎಂದು ನೋಡಬೇಕು. ಎರಡು ದಿನ ಹೋದರೂ ಅದು ಒಂದೇ ವಿಸಿಟ್ಟು, ಒಂದೇ ಇನ್ನೂರು. ಎಪ್ಪತ್ತೊಂದು ಪ್ರಶ್ನೆ. ತುಂಬುವುದಕ್ಕೇ ಮೂರು ಗಂಟೆ ಹಿಡಿಯಿತು. ಅಫ್ಜಲ್ ಪಕ್ಕದಲ್ಲಿ ಕೂತು, "ಇಷ್ಟೊತ್ತಲ್ಲಿ ನಾನು ಎರಡು ಮೋಟಾರ್ ಬಿಚ್ಚಿ ಜೋಡಿಸ್ತಿದ್ದೆ" ಎಂದರು. ಮಾತಾಡಬೇಡಿ ಎಂದೆ.

ವರದಿ ತಿರಸ್ಕೃತವಾಯಿತು. ಕಾರಣ ಏನು ಗೊತ್ತಾ? ಸೇಲ್ಸ್‌ಮನ್ ಹೆಸರಿನ ಜಾಗ ಖಾಲಿ ಇದೆಯಂತೆ. ಅವನು ಹೆಸರಿನ ಬಿಲ್ಲೆಯನ್ನೇ ಹಾಕಿರಲಿಲ್ಲ, ಹಾಗೆಂದೇ ಬರೆದಿದ್ದೆ. ಬಿಲ್ಲೆ ಹಾಕದಿರುವುದು ಅವನ ತಪ್ಪಂತೆ, ಹೆಸರು ಬರೆಯದಿರುವುದು ನನ್ನ ತಪ್ಪಂತೆ. ಇನ್ನೂರು ಹೋಯಿತು. ಈ ವರ್ಷ ಹಾಗೆ ಹೋದವು ಇದೂ ಸೇರಿ ಆರು. ಪ್ರತಿ ಸಲವೂ ನನ್ನನ್ನೇ ಬೈದುಕೊಂಡೆ. ಇನ್ನೂ ಸ್ವಲ್ಪ ನೋಡಿ ಬರೆಯಬೇಕಿತ್ತು, ಇಂಗ್ಲಿಷು ಸರಿಯಿಲ್ಲ, ಓದಿದ್ದು ಸಾಲದು ಎಂದು.

ಹೋದ ತಿಂಗಳು ಅದೇ ಅಂಗಡಿಗೆ ಹೋಗಿದ್ದೆ. ಈ ಸಲ ವೇಷವಿಲ್ಲ, ನಿಜವಾದ ಗಿರಾಕಿ. ಲೈಬಾಗೆ ಚಪ್ಪಲಿ ಬೇಕಿತ್ತು. ಬಿಲ್ ಮಾಡುವ ಜಾಗದ ಹಿಂದೆ, ಕೆಲಸಗಾರರು ಒಳಗೆ ಹೋಗುವ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಕಣ್ಣು ಹಾಯಿಸಿದೆ. ಮೂರನೇ ಸಾಲಿನಲ್ಲಿ "ನೋ ಸೂಪ್ ಇನ್ ಲೇಡೀಸ್ ಟಾಯ್ಲೆಟ್" ಎಂದಿತ್ತು.

ಕಾವೇರಿ, ಸೋಪಿನ ಬದಲು ಸೂಪ್ ಎಂದು ಬರೆಯುವವಳು ಈ ಊರಿನಲ್ಲಿ ನಾನೊಬ್ಬಳೇ. ಅದರ ಕೆಳಗೆ ಯಾರೋ ಪೆನ್ನಿನಲ್ಲಿ ಒಂದು ಬಟ್ಟಲು, ಚಮಚ ಬರೆದು ನಕ್ಕಿದ್ದರು. ಎಲ್ಲವೂ ನನ್ನ ಸಾಲುಗಳೇ. ನಾಲ್ಕು ನಿಮಿಷ ಯಾರೂ ಹತ್ತಿರ ಬರಲಿಲ್ಲ ಎಂಬುದು, ಬಿಲ್ಲೆ ಇಲ್ಲದ ಸೇಲ್ಸ್‌ಮನ್ನು, ಎಲ್ಲವೂ. ಪ್ರಯೋಜನವಿಲ್ಲವೆಂದು ನನಗೆ ವಾಪಸು ಎಸೆದ ವರದಿಯನ್ನು ಅವರು ಅಂಗಡಿಗೆ ಮಾರಿದ್ದರು. ಟಾಯ್ಲೆಟ್ಟಿಗೆ ಹೋಗಿ ನೋಡಿದೆ. ಸೋಪು ಇಟ್ಟಿದ್ದರು.

ವಾಪಸು ಬಂದು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದೆ. ನನಗಾದದ್ದು ಅವಮಾನವೋ ಸಿಟ್ಟೋ ಆಗ ಗೊತ್ತಾಗಲಿಲ್ಲ, ಈಗ ಗೊತ್ತು. ಯಾರಿಗೂ ಕಾಣದಂತೆ ಫೋಟೋ ತೆಗೆಯುವುದನ್ನು ಅವರೇ ಕಲಿಸಿದ್ದಾರಲ್ಲ, ಹಾಳೆಯ ಫೋಟೋ ತೆಗೆದುಕೊಂಡು ಬಂದೆ.

ಬಾಲಮ್ಮ ಎಂಬುವರಿದ್ದಾರೆ. ನನ್ನ ಜೊತೆ ಟ್ರೈನಿಂಗಿಗೆ ಬಂದಿದ್ದವರು. ಹಲಸೂರು ಕೆರೆಯ ಹತ್ತಿರ ಮನೆ, ಟೆಲಿಫೋನ್ ಆಪರೇಟರ್ ಆಗಿ ರಿಟೈರ್ ಆದವರು, ಅರವತ್ತೆರಡು ವರ್ಷ. ಅವರಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ನಂದೂ ಒಂಬತ್ತು ರಿಜೆಕ್ಟ್ ಆಗಿದೆ ಕಣಮ್ಮ. ನನಗೇ ವಯಸ್ಸಾಯ್ತು, ಮರೆವು ಬಂತು ಅಂದ್ಕೊಂಡಿದ್ದೆ" ಎಂದರು. ಆಮೇಲೆ ತಮಿಳಿನಲ್ಲಿ ಏನೋ ಬೈದರು. ಅದನ್ನು ಬರೆಯಲಾರೆ.

ಮಂಗಳವಾರ ಇಬ್ಬರೂ ಇಂದಿರಾನಗರದ ಆಫೀಸಿಗೆ ಹೋಗುವವರಿದ್ದೇವೆ. ಹೋಗಿಬಂದು ಮುಂದಿನದು ಬರೆಯುತ್ತೇನೆ.

೧೭ ಅಕ್ಟೋಬರ್, ಶುಕ್ರವಾರ

ಬರೆಯುತ್ತೇನೆ ಎಂದವಳು ಹತ್ತು ದಿನ ಹಾಳೆ ಮುಟ್ಟಲಿಲ್ಲ. ಆದದ್ದನ್ನು ಹೇಳುತ್ತೇನೆ.

ಆಫೀಸಿನಲ್ಲಿ ನಮ್ಮನ್ನು ಅರ್ಧ ಗಂಟೆ ಕಾಯಿಸಿದರು. ಬಾಲಮ್ಮ ಗಡಿಯಾರ ನೋಡಿಕೊಂಡು, "ಮೂವತ್ತೊಂದು ನಿಮಿಷ. ನಮಸ್ಕಾರ ಇಲ್ಲ, ನಗು ಇಲ್ಲ. ಮೈನಸ್ ಮಾರ್ಕ್ಸ್" ಎಂದರು. ನಮ್ಮ ವರದಿಗಳನ್ನು ನೋಡುವ ಮ್ಯಾನೇಜರ್ ರಮ್ಯಶ್ರೀ ಬಂದಳು. ಲೈಬಾಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ಮಾತು ಮೃದು. ಫೋಟೋವನ್ನು ನೋಡಿ, ಬೆರಳಿನಲ್ಲಿ ದೊಡ್ಡದು ಮಾಡಿ ಮತ್ತೆ ನೋಡಿ, ಟೇಬಲ್ಲಿನ ಮೇಲಿಟ್ಟಳು.

"ಮೇಡಂ, ನೀವು ಫ್ರೀಲಾನ್ಸರ್ಸ್. ಇದು ಸ್ಯಾಲರಿ ಅಲ್ಲ, ಶಾಪಿಂಗ್ ಮಾಡ್ಕೊಂಡು ಬರೋ ಪಾಕೆಟ್ ಮನಿ ಅಷ್ಟೇ."

"ಯಾರ ಪಾಕೆಟ್ಟಮ್ಮಾ?" ಎಂದರು ಬಾಲಮ್ಮ. "ಈ ಸೀರೇಲಿ ಪಾಕೆಟ್ ಎಲ್ಲಿದೆ ತೋರ್ಸು ನೋಡೋಣ."

ನಾನು ಹೇಳಿದೆ: "ಶಾಪಿಂಗ್ ಅಂದ್ರೆ ನಮಗೆ ಬೇಕಾದ್ದು ತಗೊಳ್ಳೋದು. ನೀವು ಹೇಳಿದ್ದನ್ನ, ನೀವು ಹೇಳಿದ ಜಾಗದಲ್ಲಿ, ನೀವು ಹೇಳಿದ ಟೈಮಿಗೆ ಮಾಡಿದ್ರೆ ಅದಕ್ಕೆ ಕೆಲಸ ಅಂತಾರೆ. ಕೆಲಸ ಚೆನ್ನಾಗಿಲ್ಲ ಅಂದ್ರೆ ವಾಪಸ್ ಕೊಡಿ. ಮಾರ್ಕೊಂಡಿದ್ರೆ ದುಡ್ಡು ಕೊಡಿ. ಎರಡೂ ನಿಮಗೇ ಹೇಗಾಗುತ್ತೆ?"

ಅವಳು ಒಳಗೆ ಹೋಗಿ ಯಾರ ಜೊತೆಯೋ ಮಾತಾಡಿ ಬಂದಳು. ಬರುವಾಗ ಕೈಯಲ್ಲಿ ಒಂದು ಕಾಗದವಿತ್ತು. ನನ್ನ ಆರು ವರದಿಗೂ ಬಾಲಮ್ಮನ ಒಂಬತ್ತಕ್ಕೂ ಅವತ್ತೇ ಹಣ ಹಾಕುತ್ತಾರಂತೆ. ಫೋಟೋ ಅಳಿಸಬೇಕು, ಬೇರೆ ಶಾಪರ್‌ಗಳಿಗೆ ಹೇಳಬಾರದು, ಸಹಿ ಹಾಕಬೇಕು.

ಸುಳ್ಳು ಹೇಳುವುದಿಲ್ಲ ಕಾವೇರಿ, ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಸಾವಿರದ ಇನ್ನೂರು ರೂಪಾಯಿ ಎಂದರೆ ಲೈಬಾಳ ಎರಡು ತಿಂಗಳ ಟ್ಯೂಷನ್ನು. ಆದರೆ ಕಾಗದದ ಮೇಲ್ಗಡೆ "ಸೌಹಾರ್ದದ ಕೊಡುಗೆ" ಎಂದು ಬರೆದಿದ್ದರು. ಕೊಡುಗೆ! ನನ್ನ ದುಡ್ಡನ್ನು ನನಗೇ ದಾನ ಕೊಡುತ್ತಿದ್ದರು. ಪೆನ್ನು ಕೆಳಗಿಟ್ಟೆ.

"ಎಲ್ಲರಿಗೂ ಕೊಡಿ," ಎಂದೆ. "ಎಷ್ಟು ಜನರದ್ದು ರಿಜೆಕ್ಟ್ ಮಾಡಿ ಮಾರಿದ್ದೀರೋ ಎಲ್ಲರಿಗೂ. ವಿಸಿಟ್ಟಿಗೆ ಮುನ್ನೂರೈವತ್ತು ಮಾಡಿ. ಓಡಾಡೋ ಖರ್ಚು ಬೇರೆ ಕೊಡಿ."

"ಎಲ್ಲರಿಗೂ ಅನ್ನೋಕೆ ನೀವ್ಯಾರು ಮೇಡಂ?"

ಆ ಪ್ರಶ್ನೆ ನ್ಯಾಯವಾದದ್ದೇ. ನಮಗೆ ಒಬ್ಬರಿಗೊಬ್ಬರು ಗೊತ್ತಿರಬಾರದು ಎಂದೇ ಅವರು ನಡೆಸುವುದು. ಆದರೆ ಟ್ರೈನಿಂಗಿನ ದಿನ ಬಾಲಮ್ಮ ಎಲ್ಲರ ನಂಬರನ್ನೂ ಡೈರಿಯಲ್ಲಿ ಬರೆದುಕೊಂಡಿದ್ದರು. ಮೂವತ್ತು ವರ್ಷ ಟೆಲಿಫೋನಿನಲ್ಲಿದ್ದ ಅಭ್ಯಾಸ. ಎರಡು ದಿನ ಕೂತು ಫೋನ್ ಮಾಡಿದೆವು. ಕೆಲವರು ಹೆದರಿ ಇಟ್ಟುಬಿಟ್ಟರು. ಪುಲಿಕೇಶಿನಗರದ ಜಿಯಾವುಲ್ಲಾ ಎಂಬ ವಯಸ್ಸಾದವರೊಬ್ಬರು, "ಬೇಟಿ, ಹದಿನಾಲ್ಕು ವರದಿ ಹೋಗಿದೆ ನಂದು. ಮನೇಲಿ ಹೇಳೋಕೆ ನಾಚಿಕೆ ಆಗಿ, ದುಡ್ಡು ಬಂತು ಅಂತ ಸುಳ್ಳು ಹೇಳ್ತಿದ್ದೆ" ಎಂದರು. ಕೊನೆಗೆ ಹದಿನೇಳು ಜನ ಒಪ್ಪಿದರು. ದೀಪಾವಳಿಗೆ ಒಂದು ವಾರ ಮುಂಚಿನ ಶನಿವಾರ, ಭಾನುವಾರ ಅವರಿಗೆ ದೊಡ್ಡ ಸುಗ್ಗಿ. ಆ ಎರಡು ದಿನ ಒಂದು ಅಂಗಡಿಗೂ ಹೋಗುವುದಿಲ್ಲ ಎಂದು ಹದಿನೇಳು ಜನ ಒಂದೇ ಮಾತು ಬರೆದು ಕಳಿಸಿದೆವು. ಫೋಟೋವನ್ನು ಚಪ್ಪಲಿ ಅಂಗಡಿಯ ದೊಡ್ಡ ಆಫೀಸಿಗೂ ಕಳಿಸಿದೆವು.

ಭಾನುವಾರ ಸಂಜೆಯೊಳಗೆ ರಮ್ಯಶ್ರೀ ನನಗೆ ಒಂಬತ್ತು ಸಲ ಫೋನ್ ಮಾಡಿದಳು. ಕೊನೆಯ ಸಲ ಅವಳ ಧ್ವನಿ ಅಳುವ ಹಾಗಿತ್ತು. "ಮೇಡಂ, ನನಗೂ ಟಾರ್ಗೆಟ್ ಇದೆ. ಇಷ್ಟು ಪರ್ಸೆಂಟ್ ರಿಜೆಕ್ಟ್ ಮಾಡ್ಲೇಬೇಕು ಅಂತ ಮೇಲಿಂದ ಹೇಳಿದ್ದಾರೆ" ಎಂದಳು. ನನ್ನ ಸಿಟ್ಟು ಅವಳನ್ನು ದಾಟಿ ಇನ್ನೂ ಮೇಲಕ್ಕೆ ಹೋಯಿತು. ಮೇಲೆ ಯಾರಿದ್ದಾರೋ, ಅವರ ಮುಖ ನಾನು ನೋಡಿಲ್ಲ. ನೋಡುವುದೂ ಇಲ್ಲ.

ಬುಧವಾರ ಎಲ್ಲರಿಗೂ ಮೆಸೇಜ್ ಬಂತು. ವಿಸಿಟ್ಟಿಗೆ ಮುನ್ನೂರು, ಬಸ್ಸಿನ ಖರ್ಚು ಬೇರೆ, ಅಂಗಡಿಗೆ ಕೊಟ್ಟ ವರದಿಗೆ ಹಣ ಕೊಟ್ಟೇ ಕೊಡುತ್ತಾರೆ. ಜಿಯಾವುಲ್ಲಾ ಅವರಿಗೆ ಎರಡು ಸಾವಿರದ ಎಂಟುನೂರು ಬಂದಿದೆ. ನನಗೂ ಬಂತು, ಬಾಲಮ್ಮನಿಗೂ ಬಂತು. ಹಣದ ಹಿಂದೆಯೇ ಇನ್ನೊಂದು ಮೆಸೇಜ್: ನನ್ನ ಮತ್ತು ಬಾಲಮ್ಮನ ಖಾತೆಗಳನ್ನು ಮುಚ್ಚಲಾಗಿದೆ. ಕಾರಣದ ಜಾಗ ಖಾಲಿ. ನಾನು ಖಾಲಿ ಬಿಟ್ಟರೆ ಇನ್ನೂರು ಕಿತ್ತುಕೊಂಡರು, ಅವರು ಬಿಟ್ಟರೆ ಕೇಳುವವರಿಲ್ಲ.

ಬಾಲಮ್ಮ, "ಹೋಗ್ಲಿ ಬಿಡು, ಇನ್ಮೇಲೆ ಅಂಗಡೀಲಿ ನೆಮ್ಮದಿಯಾಗಿ ಸಾಮಾನು ತಗೋಬಹುದು" ಎನ್ನುತ್ತಾರೆ. ನನಗೆ ಆ ನೆಮ್ಮದಿ ಬರುತ್ತಿಲ್ಲ. ಗೆದ್ದೆವು ಎಂದು ಲೈಬಾ ಕುಣಿದಳು. ಅಫ್ಜಲ್ ಶಿವಾಜಿನಗರದಿಂದ ಕಬಾಬ್ ತಂದರು. ನಾನು ನನ್ನ ಪಾಲನ್ನು ಲೈಬಾಳ ತಟ್ಟೆಗೆ ಹಾಕಿದೆ.

ನಿನ್ನ ಮನೆಯ ದೀಪಾವಳಿ ಬೆಳಕಾಗಿರಲಿ. ನಿನ್ನ ಮಗಳು ಚೆನ್ನಾಗಿ ಓದಲಿ, ಲಕ್ಷ್ಮಿಕಾಂತರು ಮೈ ನೋಯದೆ ದುಡಿಯುವಂತಾಗಲಿ. ನೀನು ಎಲ್ಲೇ ಕೆಲಸಕ್ಕೆ ನಿಂತರೂ ಅಲ್ಲಿಯವರು ನಿನ್ನನ್ನು ಮನುಷ್ಯಳಂತೆ ನೋಡಲಿ, ಅಲ್ಲಾಹ್ ನಿನ್ನನ್ನು ಕಾಯಲಿ.

ಇಂತಿ,
ನಿನ್ನ ಸಾಲೇಹಾ

ತಾ. ಕ.: ಹಾಳೆ ಮಡಿಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನೀನು ಇಂದಿರಾನಗರದ ಪಾತ್ರೆ ಅಂಗಡಿಯಲ್ಲಿ ಯಾರೋ ಬರೆದ ವರದಿಯ ದೆಸೆಯಿಂದ ಕೆಲಸ ಕಳೆದುಕೊಂಡು, ಬಾಡಿಗೆ ಕಟ್ಟಲಾಗದೆ ಊರಿಗೆ ಹೋದದ್ದು ಮಾರ್ಚಿನಲ್ಲಿ. "ಯಾವಾಕಿ ಬರ್ದು ಕೊಟ್ಟಾಳೋ, ಆಕಿ ಮಾರಿ ಒಮ್ಮೆ ನೋಡಬೇಕು" ಎಂದು ಮೂರು ಕಾಗದದಲ್ಲೂ ಬರೆದಿದ್ದೀ. ಬರೆದುಕೊಟ್ಟವಳು ನಾನು.

ಗುರುತಿನವರು ಇರುವ ಅಂಗಡಿಗೆ ಹೋಗಬಾರದು ಎಂಬುದು ನಿಯಮ. ಬೇರೆ ಯಾರಾದರೂ ಹೋಗಿ ಏನಾದರೂ ಬರೆದಾರು, ನಾನೇ ಹೋದರೆ ನಿನಗೆ ನೂರಕ್ಕೆ ನೂರು ಹಾಕಬಹುದು ಎಂದುಕೊಂಡು ಹೋದೆ. ಅವತ್ತು ನೀನು ಕುಕ್ಕರ್ ತೋರಿಸಿದೆ, ನೆನಪಿದೆಯಾ? ನಿನ್ನ ಕಾಲು ಊದಿತ್ತು. "ಯಾರೂ ಇಲ್ಲ, ಎರಡು ನಿಮಿಷ ಕೂತ್ಕೊಳ್ಳೇ" ಎಂದು ಸ್ಟೂಲ್ ಎಳೆದು ಕೊಟ್ಟವಳು ನಾನೇ. ಮನೆಗೆ ಬಂದು ಎಲ್ಲಕ್ಕೂ ಹೌದು ಎಂದು ತುಂಬಿದೆ. ಒಂದಾದರೂ ಕೊರತೆ ಬರೆಯದಿದ್ದರೆ ವರದಿ ಒಪ್ಪುವುದಿಲ್ಲ ಎಂದು ವಾಪಸು ಬಂತು. ಕುಕ್ಕರಿಗೆ ಕೊಟ್ಟ ಸಾವಿರದ ಇನ್ನೂರು ನನ್ನದು, ವರದಿ ಹೋದರೆ ಅದೂ ಹೋಗುತ್ತಿತ್ತು. ಸಣ್ಣದೊಂದು ಹುಡುಕಿದೆ. "ಸಿಬ್ಬಂದಿ ಎರಡು ನಿಮಿಷ ಕುಳಿತಿದ್ದರು" ಎಂದು ಬರೆದೆ. ಅಂಥದಕ್ಕೆ ಕೆಲಸದಿಂದ ತೆಗೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ ಎನ್ನಬಹುದು. ಕೇಳಿಕೊಳ್ಳಲಿಲ್ಲ ಎನ್ನುವುದು ನಿಜ.

ಇಂದಿರಾನಗರದ ಆಫೀಸಿನಲ್ಲಿ ಅಷ್ಟೆಲ್ಲ ಮಾತಾಡಿದೆ. ಈ ವರದಿಯ ಸುದ್ದಿ ಮಾತ್ರ ತೆಗೆಯಲಿಲ್ಲ. ಅವರು ನನಗೆ ಬಾಕಿ ಉಳಿಸಿಕೊಂಡ ಪಟ್ಟಿಯಲ್ಲಿ ಅದು ಇರಲಿಲ್ಲ. ಅದಕ್ಕೆ ಇನ್ನೂರು ರೂಪಾಯಿ ಪೂರ್ತಿ ಬಂದಿತ್ತು.