ಗಾಜಿನ ಆಚೆ ಕೂತಿದ್ದ ನಿಷ್ಪಕ್ಷಪಾತ ಸಂಸ್ಥೆ

ಗ್ರಾಹಕ ಹಿತರಕ್ಷಣಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಅಂಗಡಿಯವನು ತನ್ನ ಸರಕನ್ನು ತಾನೇ ಹೊಗಳಿಕೊಂಡರೆ ಅದು ಜಾಹೀರಾತು. ಅವನೇ ಮಗ್ಗುಲ ಕೋಣೆಗೆ ಹೋಗಿ, 'ಸ್ವತಂತ್ರ ವಿಮರ್ಶಾ ವೇದಿಕೆ' ಎಂದು ಹೆಸರಿಟ್ಟುಕೊಂಡು ಹೊಗಳಿದರೆ ಅದು ಅಭಿಪ್ರಾಯ. ಅಭಿಪ್ರಾಯ ನಿಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಈ ಸೂಕ್ಷ್ಮವನ್ನು ನಿಮ್ಮ ಕಚೇರಿಯೇ ನನಗೆ ತಿಳಿಸಿಕೊಟ್ಟಿತು, ಕೃತಜ್ಞಳಾಗಿದ್ದೇನೆ. ಆದರೆ ಆ ಅಭಿಪ್ರಾಯವನ್ನು ನಂಬಿ ನನ್ನ ಅಮ್ಮನ ಒಂದು ಕಿವಿ ಹೋಯಿತು. ಅದು ಯಾರ ವ್ಯಾಪ್ತಿಗೆ ಬರುತ್ತದೆಂದು ಯಾರೂ ಹೇಳದ ಕಾರಣ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರಿಗೇ ಕೇಳುತ್ತಿದ್ದೇನೆ.

ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ತಾನೇ ಕಲಿತುಕೊಂಡಿದ್ದಳು. ಆದರೆ ಅಳತೆ ತೆಗೆಯುವಾಗ ಗಿರಾಕಿ ಬೆನ್ನು ತಿರುಗಿಸಿ ನಿಲ್ಲುತ್ತಾರಲ್ಲ, ಬೆನ್ನಿಗೆಲ್ಲಿಯ ತುಟಿ? ಕತ್ತು ಅಗಲ ಬೇಡ ಎಂದದ್ದನ್ನು ಬೇಕು ಎಂದು ಕೇಳಿಸಿಕೊಂಡು ಒಬ್ಬ ಮದುಮಗಳ ಉಡುಪು ಕೆಡಿಸಿದ ದಿನ, ಕತ್ತರಿ ಕೆಳಗಿಟ್ಟು, "ಕಿವಿಗೊಂದು ಮಿಷಿನ್ ಕೊಡಿಸೇ, ಇನ್ನು ಆಗಲ್ಲ ನನ್ಕೈಲಿ" ಎಂದಳು.

ನಾನು ಓದಿದವಳು. ಜಾಹೀರಾತಿಗೆಲ್ಲ ಮರುಳಾಗುವವಳಲ್ಲ, ವಿಮರ್ಶೆ ಓದಿಯೇ ಕೊಳ್ಳುವವಳು. ಹುಡುಕಿದಾಗ, ಶ್ರವಣಯಂತ್ರದ ಅಂಗಡಿಗಳನ್ನು 'ಯಾರ ಹಂಗೂ ಇಲ್ಲದೆ' ತೂಗಿನೋಡುವ ಜಾಲತಾಣವೊಂದು ಸಿಕ್ಕಿತು. ಒಂದು ಅಂಗಡಿಯ ಸಿಬ್ಬಂದಿ ಒರಟರಂತೆ, ಇನ್ನೊಂದರಲ್ಲಿ ಹಳೆಯ ಸರಕಂತೆ. ಮೊದಲ ಸ್ಥಾನದ ಅಂಗಡಿಗೆ ಐದಕ್ಕೆ ಐದು ನಕ್ಷತ್ರ. ಇದ್ದ ಒಂದೇ ಕುಂದೆಂದರೆ 'ಜನ ಜಾಸ್ತಿ, ಸ್ವಲ್ಪ ಕಾಯಬೇಕು.' ಕುಂದನ್ನೂ ಮುಚ್ಚಿಡದ ಆ ಪ್ರಾಮಾಣಿಕತೆಗೆ ನಾನು ಕರಗಿಹೋದೆ. ಹೋಗಿ ನೋಡಿದರೆ ಅಂಗಡಿಯಲ್ಲಿ ನಾವಿಬ್ಬರೇ ಗಿರಾಕಿಗಳು. ಆಗಲಾದರೂ ಅನುಮಾನ ಬರಬೇಕಿತ್ತು. ನಮ್ಮ ಅದೃಷ್ಟ ಅಂದುಕೊಂಡೆ.

ಅಲ್ಲಿ ಕೊಂಡ ಯಂತ್ರವನ್ನು ಎಡಗಿವಿಗೆ ಹಾಕಿದ ಮೇಲೆ ಹೊಲಿಗೆ ಯಂತ್ರದ ಸದ್ದು ಅಮ್ಮನಿಗೆ ಸಿಡಿಲಿನಂತೆ ಬಡಿಯುತ್ತಿತ್ತು. "ತಲೆಯೊಳಗೆ ಯಾರೋ ತಗಡು ಬಡೀತಿದಾರೆ ಕಣೇ" ಅನ್ನುತ್ತಿದ್ದಳು. ಜಾಲತಾಣದಲ್ಲಿ ಅದಕ್ಕೂ ಉತ್ತರವಿತ್ತು: ಅಭ್ಯಾಸವಾಗುತ್ತದೆ, ತೆಗೆಯಬೇಡಿ. ಅದನ್ನೇ ಓದಿ ಹೇಳಿದೆ. ಅವಳು ಹಲ್ಲುಕಚ್ಚಿ ಹಾಕಿಕೊಂಡಳು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯೆ ಆ ಯಂತ್ರವನ್ನು ತಿರುಗಿಸಿ ನೋಡಿ, "ಇದು ಶ್ರವಣಯಂತ್ರನೇ ಅಲ್ಲಮ್ಮ. ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡೋ ಡಬ್ಬಿ. ಎಡಗಿವೀಲಿ ಉಳಿದಿದ್ದೂ ಹೋಗಿದೆ" ಎಂದರು.

ಅಮ್ಮನನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಮ್ಯಾನೇಜರ್ ಬಹಳ ಮರ್ಯಾದಸ್ಥ. "ನಮ್ಮ ಮೇಲೆ ಬೇಜಾರಿದ್ರೆ ವಿಮರ್ಶೆ ಸೈಟಿಗೇ ದೂರು ಕೊಡಿ ಮೇಡಂ. ಅವರು ಯಾರ ಮುಲಾಜೂ ನೋಡಲ್ಲ" ಎಂದು ಧೈರ್ಯ ತುಂಬಿದ. ಅಲ್ಲೇ ನಿಂತು ಆ ಜಾಲತಾಣದ ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಹೆಣ್ಣುದನಿ ಎತ್ತಿಕೊಂಡು, ನಮ್ಮದು ನಿಷ್ಪಕ್ಷಪಾತ ಸಂಸ್ಥೆ, ಆ ಅಂಗಡಿಗೂ ನಮಗೂ ಸಂಬಂಧವಿಲ್ಲ, ಖಂಡಿತ ವಿಚಾರಿಸುತ್ತೇವೆ ಎಂದಿತು.

ಅಮ್ಮ ನನ್ನ ತೋಳು ಹಿಡಿದೆಳೆದಳು. ಗಾಜಿನ ಗೋಡೆಯಾಚೆ, ಒಳಕೋಣೆಯಲ್ಲಿ, ಒಬ್ಬ ಹುಡುಗಿ ಫೋನ್ ಹಿಡಿದು ಕೂತಿದ್ದಳು.

"ಅವಳ ತುಟಿ ನೋಡು. 'ಸಂಬಂಧ ಇಲ್ಲ' ಅಂತಿದಾಳೆ. ನಿನ್ ಜೊತೇನೇ ಮಾತಾಡ್ತಿರೋದು ಕಣೇ!"

ನಾನು ಕೈಯೆತ್ತಿ ಬೀಸಿದೆ. ಹುಡುಗಿ ಅಭ್ಯಾಸಬಲದಿಂದ ನಕ್ಕಳು, ನನ್ನ ಕಿವಿಗೆ ಹಿಡಿದಿದ್ದ ಫೋನ್ ಕಂಡಳು, ಆಮೇಲೆ ಲೈನ್ ಕಟ್ಟಾಯಿತು. ಮ್ಯಾನೇಜರ್ ಗಾಜಿಗೆ ಪರದೆ ಎಳೆದ.

ಅಲ್ಲಿಂದ ನೇರ ನಿಮ್ಮ ಕಚೇರಿಗೆ ಬಂದೆವು.

"ಅಂಗಡಿ ಮೇಲಾದ್ರೆ ದೂರು ಕೊಡಿ, ವೆಬ್‌ಸೈಟ್ ನಮಗೆ ಬರಲ್ಲ" ಎಂದರು ನಿಮ್ಮ ಗುಮಾಸ್ತರು.

"ಎರಡೂ ಒಬ್ಬರದೇ ಸ್ವಾಮಿ."

"ಹಾಗಂತ ವೆಬ್‌ಸೈಟಲ್ಲಿ ಬರ್ಕೊಂಡಿದಾರಾ?"

ಬರೆದುಕೊಂಡಿಲ್ಲ ಎಂಬುದೇ ದೂರಲ್ಲವೇ, ಮಾನ್ಯರೇ? ಕಳ್ಳ ತನ್ನ ಕಸುಬನ್ನು ಬಾಗಿಲಿಗೆ ಬರೆದು ತಗುಲಿಹಾಕುವವರೆಗೆ ಕಾಯುವ ಈ ಸೌಜನ್ಯ ನಿಮಗೆ ಯಾವ ತರಬೇತಿಯಲ್ಲಿ ಸಿಕ್ಕಿತು? ಅಂಗಡಿಯ ಬಗ್ಗೆ ಬರೆದುಕೊಟ್ಟ ದೂರನ್ನು ಪಡೆದು ಅವರು ಮುದ್ರೆ ಒತ್ತಿದರು. ಬಳಿಕ ಉತ್ತರವೂ ಬಂತು: ಸದರಿ ಅಂಗಡಿಯ ಬಗ್ಗೆ ಸ್ವತಂತ್ರ ಜಾಲತಾಣಗಳಲ್ಲಿ ಉತ್ತಮ ಅಭಿಪ್ರಾಯವಿರುವುದನ್ನು ಗಮನಿಸಲಾಗಿದೆ. ನನ್ನ ಅಮ್ಮನಂತೆಯೇ ನೀವೂ ಮೋಸಹೋಗಿದ್ದೀರಿ. ವ್ಯತ್ಯಾಸವಿಷ್ಟೇ, ನಿಮ್ಮ ಕಿವಿಗಳೆರಡೂ ನೆಟ್ಟಗಿವೆ.

ಆಸ್ಪತ್ರೆಯವರು ಬಲಗಿವಿಗೆ ಸರಿಯಾದ ಯಂತ್ರ ಕೊಟ್ಟಿದ್ದಾರೆ. ಅಮ್ಮ ಮತ್ತೆ ಹೊಲಿಯುತ್ತಿದ್ದಾಳೆ. ಎಡಗಡೆ ನಿಂತು ಕರೆದರೆ ತಿರುಗುವುದಿಲ್ಲ, ಅಷ್ಟೇ. ಹೋದ ಕಿವಿಯನ್ನು ಕೊಡಿಸಿ ಎಂದು ನಾನು ಕೇಳುವುದಿಲ್ಲ. ಅದು ನಿಮ್ಮ ಕೈಲಾಗದು. ಕೈಲಾಗುವುದನ್ನು ಮಾಡಿ: ಶಿಫಾರಸು ಮಾಡುವ ಪ್ರತಿ ಜಾಲತಾಣದ ಮಾಲೀಕರು ಯಾರೆಂದು ನಕ್ಷತ್ರಗಳಷ್ಟೇ ದಪ್ಪಕ್ಷರದಲ್ಲಿ ಮೇಲೆಯೇ ಬರೆಸಿ, ಬರೆಯದವರದ್ದನ್ನು ಮುಚ್ಚಿಸಿ. ಮೊದಲು ಆ ಅಂಗಡಿಗೆ ಹೋಗಿ ಪರದೆ ಸರಿಸಿ. ವಿಳಾಸ ನಿಮ್ಮ ಕಡತದಲ್ಲೇ ಇದೆ, ನಿಮ್ಮದೇ ಮುದ್ರೆಯ ಕೆಳಗೆ.

ಇಂತಿ,
ಇಷ್ಟಾದರೂ ಇನ್ನೊಮ್ಮೆ ನಿಮ್ಮ ಕಚೇರಿಯನ್ನೇ ನಂಬಲು ಹೊರಟಿರುವ,
ದರ್ಜಿಯ ಮಗಳು