ಎಡಗಿವಿಯ ಉಸಿರು

ಮಾರ್ಚ್ ೩

ಇವತ್ತೂ ಸಿನಿಮಾಗೆ ಎಂಜಿನ್ ಸದ್ದು ಕೂರಿಸುವುದೇ. ಐದನೇ ರೀಲ್. ವಿಮಾನ ಮೇಲಿದೆ, ಕಾಕ್‌ಪಿಟ್ ಬಾಗಿಲು ಒಳಗಿನಿಂದ ಲಾಕ್, ಗಾಳಿ ಕಡಿಮೆಯಾಗುತ್ತಿದೆ. ಮಾಸ್ಕ್ ಹಾಕಿದ ಮುದುಕನ ಉಸಿರಿಗೆ ನಾನೇ ಮೂರು ಟೇಕ್ ಕೊಟ್ಟೆ. ನೆಗಡಿಯಾದವರ ಹಾಗಿದೆ ಎಂದ ಡೈರೆಕ್ಟರ್. ಅವನ ಬಾಯಿಗಿಷ್ಟು... ಆದರೆ ಹೇಳಿದ್ದು ನಿಜ.

ಪಕ್ಕದ ಕೋಣೆಯಲ್ಲಿ ಅಪ್ಪ. ಅವರಿಗೂ ಆಕ್ಸಿಜನ್ ಮಾಸ್ಕ್. ನನ್ನ ರೆಕಾರ್ಡಿಂಗ್ ಕೋಣೆಯ ಬಾಗಿಲು ಮುಚ್ಚಿದರೆ ಹೊರಗಿನದೇನೂ ಕೇಳಿಸದು. ಅದಕ್ಕೇ ಅವರ ದಿಂಬಿನ ಹತ್ತಿರ ಮೈಕ್ ಇಟ್ಟು, ಹೆಡ್‌ಫೋನಿನ ಎಡಗಿವಿಗೆ ಎಳೆದುಕೊಂಡಿದ್ದೇನೆ. ಅಕ್ಕ ಕೆಲಸಕ್ಕೆ ಹೋದ ಮೇಲೆ ನನ್ನ ಕಾವಲು ಅದೇ. ಎರಡೂ ಕಿವಿಗೆ ವಿಮಾನ, ಎಡಗಿವಿಗೆ ಜೊತೆಯಲ್ಲಿ ಅಪ್ಪ.

ಮಾರ್ಚ್ ೬

ಸಿನಿಮಾದ ಮುದುಕನಿಗೆ ಅಪ್ಪನ ಉಸಿರನ್ನೇ ಕೇಳಲು ನಾಚಿಕೆ. ಕೇಳಿಯೇಬಿಟ್ಟೆ. ಅಪ್ಪ ಮಾಸ್ಕ್ ಸರಿಸಿ ನಕ್ಕರು.

"ತಗೋ. ಇನ್ನೇನೂ ಕೊಡೋಕಾಗಲ್ಲ ನಂಗೆ. ಟೈಟಲ್‌ನಲ್ಲಿ ಹೆಸರು ಮಾತ್ರ ಹಾಕ್ಸು."

ಇಪ್ಪತ್ತು ಸೆಕೆಂಡ್ ಸಿಕ್ಕಿತು. ಅದನ್ನೇ ಲೂಪ್ ಮಾಡಿದೆ. ಮತ್ತೆ ಮತ್ತೆ ಬರುತ್ತದೆ, ಎಲ್ಲಿ ಜೋಡಿಸಿದ್ದು ಎಂದು ನನಗೇ ಗೊತ್ತಾಗದಷ್ಟು ನಯ. ಮುದುಕ ಎಡಗಡೆ ಕಿಟಕಿ ಪಕ್ಕ ಕೂತಿದ್ದಾನೆ, ಹಾಗಾಗಿ ಉಸಿರೂ ಎಡಕ್ಕೆ. ಡೈರೆಕ್ಟರ್ ಕೇಳಿ, ಎಲ್ಲಿ ಸಿಕ್ಕ ಈ ನಟ ಎಂದ. ಹೇಳಲಿಲ್ಲ. ಹೆಮ್ಮೆಯಂತೂ ಆಯಿತು.

ಮಾರ್ಚ್ ೧೧, ಮಧ್ಯಾಹ್ನ ೨

ರಿಲೀಸ್ ಈ ತಿಂಗಳ ಕೊನೆಗೇ ಅಂತೆ. ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಐದನೇ ರೀಲ್ ತಿರುಗುತ್ತಲೇ ಇದೆ. ಎಡಗಿವಿಯಲ್ಲಿ ಅಪ್ಪ ಚೆನ್ನಾಗಿ ಉಸಿರಾಡುತ್ತಿದ್ದಾರೆ. ಇಷ್ಟು ಸಮವಾಗಿ ಉಸಿರಾಡಿ ಎಷ್ಟು ದಿನವಾಗಿತ್ತು. ಇನ್ನರ್ಧ ಗಂಟೆ ಕೂತು ಮುಗಿಸಿಬಿಡುವೆ.

ಮಾರ್ಚ್ ೧೯

ಇಲ್ಲಿ ಬರೆಯಲೇಬೇಕು. ಬೇರೆ ಯಾರಿಗೂ ಹೇಳಲಾರೆ.

ಆ ಬೆಳಿಗ್ಗೆ ಸೀಟ್ ಬೆಲ್ಟಿನ ಸದ್ದು ರೆಕಾರ್ಡ್ ಮಾಡಲು ಅಪ್ಪನ ಮೈಕಿನ ವೈರ್ ಕಿತ್ತಿದ್ದೆ. ಮತ್ತೆ ಸಿಕ್ಕಿಸಲಿಲ್ಲ. ಮರೆತೆ. ನಾನು ಕೇಳುತ್ತಿದ್ದದ್ದು ಲೂಪ್. ಒಳಗೆ ಹೋದಾಗ ಮಾಸ್ಕ್ ಪಕ್ಕಕ್ಕೆ ಜಾರಿತ್ತು, ಕೈ ತಣ್ಣಗಿತ್ತು. ಪ್ರಾಣ ಹೋಗಿ ಎರಡು ಗಂಟೆಗೂ ಹೆಚ್ಚು ಹೊತ್ತಾಗಿದೆ ಎಂದರು ಡಾಕ್ಟರ್. ನನ್ನನ್ನು ಕರೆದಿರಬಹುದು... ಕರೆದೇ ಇರುತ್ತಾರೆ.

ಅಕ್ಕ ಒಂದೇ ಮಾತು ಕೇಳಿದಳು. "ನಿಂಗೆ ಏನೂ ಕೇಳಿಸ್ಲಿಲ್ವಾ?"

"ಉಸಿರು ಕೇಳಿಸ್ತಾನೇ ಇತ್ತು, ಅಕ್ಕ."

ಹಾಗಾದರೆ ಒದ್ದಾಡಲಿಲ್ಲ, ನಿದ್ದೆಯಲ್ಲೇ ಹೋದರು ಎಂದು ಸಮಾಧಾನ ಮಾಡಿಕೊಂಡಳು. ನನ್ನ ಬೆನ್ನು ಸವರಿದಳು. ಸವರಿಸಿಕೊಂಡೆ. ನನ್ನಂಥ ಪಾಪಿ ಇನ್ನೊಬ್ಬರಿಲ್ಲ.

ಮಾರ್ಚ್ ೨೨

ಡೈರೆಕ್ಟರ್ ಬಂದಿದ್ದ. ಅಪ್ಪನ ವಿಷಯಕ್ಕೆ ಎರಡು ಮಾತಾಡಿದ. ಆಮೇಲೆ, ಒಂದೇ ಒಂದು ಬದಲಾವಣೆ ಎಂದ. ವಿಮಾನ ಇಳಿಯುತ್ತದೆ, ಎಲ್ಲರೂ ಬದುಕುತ್ತಾರೆ, ಆ ಮುದುಕ ಮಾತ್ರ ಬೇಡ. ಬಾಗಿಲು ತೆರೆಯುವ ಮೊದಲೇ ಅವನ ಉಸಿರು ನಿಲ್ಲಲಿ, ಜನ ಅಳುತ್ತಾರೆ ಎಂದ. ಅದು ಯಾರ ಉಸಿರು ಎಂದು ಅವನಿಗೆ ಈಗಲೂ ಗೊತ್ತಿಲ್ಲ. ನಾಳೆಗೆ ಕೊಡುತ್ತೇನೆ ಎಂದು ಕಳಿಸಿದೆ.

ಮಾರ್ಚ್ ೨೩, ಬೆಳಿಗ್ಗೆ ೧೧

ಲೂಪ್ ಕತ್ತರಿಸಿದರಾಯಿತು. ಒಂದು ಗುಂಡಿಯ ಕೆಲಸ. ಒಂಬತ್ತರಿಂದ ಹೀಗೇ ಕೂತಿದ್ದೇನೆ. ನನ್ನ ಬಾಗಿಲು ತೆರೆದೇ ಇಟ್ಟಿದ್ದೇನೆ, ಇನ್ನು ಯಾಕೋ. ಎಡಗಿವಿಯಲ್ಲಿ ಬರುತ್ತಿದೆ, ಹೋಗುತ್ತಿದೆ. ಈ ಸಲವಾದರೂ ಅದು ನಿಲ್ಲುವಾಗ ನಾನು ಪಕ್ಕದಲ್ಲಿ...