ಪಾರವ್ವನ ಪ್ಲೇಟು, ನನ್ನ ತೀರ್ಪು

ಸೆಪ್ಟೆಂಬರ್ 14, ಭಾನುವಾರ. ಸಂಜೆ 6

ಎಂದಿನಂತೆ ಗ್ರಾಮಫೋನ್ ಪ್ಲೇಟುಗಳಿಗೆ ಅಭ್ಯಂಜನ. ಮೆತ್ತನೆ ಬಟ್ಟೆ, ಎರಡು ಹನಿ ನೀರು, ಸುತ್ತ ಸುತ್ತ ಒರೆಸುವುದು. ರುಕ್ಮಿಣಿಯ ಟೀಕೆಯೂ ಎಂದಿನಂತೆ — "ಮದುವೆಯಾದಾಗಿಂದ ಒಂದು ಲೋಟ ಹೀಗೆ ಒರೆಸಿದ್ದು ನಾ ಕಾಣೆ."

ಇವತ್ತು ಕನ್ನಡ ಸಂಘದ ಸಭೆಯಲ್ಲಿ ನ್ಯಾಯಾಧೀಶನಾದೆ. ಹಳೇ ರೆಕಾರ್ಡುಗಳ ಬಗ್ಗೆ ನನ್ನ ಉಪನ್ಯಾಸ. ಮುಗಿದ ಮೇಲೆ ಸದಾಶಿವ ಪೇಠದ ಪಾರವ್ವ ಎದ್ದು ಬಂದರು. ಟವೆಲ್ಲಿನಲ್ಲಿ ಸುತ್ತಿದ ಪುಟ್ಟ ಪ್ಲೇಟು. ಅಮೆರಿಕದ ಸೋಲ್ ಸಂಗೀತ, ಅಲ್ಲಿನ ಕಪ್ಪು ಜನರ ಹಾಡು! ತೀರಿಕೊಂಡ ಗಂಡ ಮಲಕಪ್ಪ ರೇಡಿಯೋ ರಿಪೇರಿಯವರು. ಯಾವ ಕಾಲದಲ್ಲೋ ಒಬ್ಬ ಅಮೆರಿಕದವನ ಪ್ಲೇಯರ್ ಸರಿಮಾಡಿಕೊಟ್ಟರಂತೆ. ಅವನು ಊರಿಗೆ ಹೊರಡುವಾಗ ಇದನ್ನು ಕೊಟ್ಟು, ಮೊದಲನೇ ಅಚ್ಚು, ಜೋಪಾನ ಎಂದನಂತೆ.

"ಸರ, ನೀವು ತಿಳದವ್ರು. ಅಸ್ಸಲ್ ಅದನೋ ಇಲ್ಲೋ ನೋಡಿ ಹೇಳ್ರಿ. ನಮ್ಮ ಮೈದುನ ಇನ್ನೂ 'ಬಡಾಯಿ ಮಲಕಪ್ಪ' ಅಂತಾನ. ನೀವು ಒಂದು ಮಾತು ಹೇಳಿದ್ರ ಬಾಯಿ ಮುಚ್ಚತಾನ."

ಅದೇ ಹಾಡಿನ ನನ್ನ ಪ್ಲೇಟು ಬ್ಯಾಗಿನಲ್ಲೇ ಇತ್ತು. ಆನ್‌ಲೈನಿನಲ್ಲಿ ಕೊಂಡಿದ್ದು, ನನ್ನ ಸಂಗ್ರಹದ ಪಟ್ಟದಾನೆ. ಎರಡನ್ನೂ ಉಗುರಿನಿಂದ ತಟ್ಟಿದೆ. ನನ್ನದು ಗಂಭೀರವಾಗಿ 'ದಬ್'. ಅವರದು ಪ್ಲಾಸ್ಟಿಕ್ ಡಬ್ಬಿಯ ಹಾಗೆ 'ಟಕ್'. ಲೇಬಲ್ಲು ಗೋಂದಿನಲ್ಲಿ ಅಂಟಿಸಿದ್ದು. ಫೋಟೋ ತೆಗೆದುಕೊಂಡೆ. ಕೆಮ್ಮಿದೆ. ತೀರ್ಪು ಕೊಟ್ಟೆ — ನಕಲಿ.

"ಯಾರೋ ಅವರಿಗೆ ಟೋಪಿ ಹಾಕಿದಾರೆ ಪಾರವ್ವನವರೇ. ಇಲ್ಲಾ, ಅವರೇ ನಿಮಗೆ..."

ಸಭೆ ನಕ್ಕಿತು. ಪಾರವ್ವನೂ ನಕ್ಕರು. ಸ್ವಲ್ಪ ತಡವಾಗಿ.

ಅಕ್ಟೋಬರ್ 2, ಗುರುವಾರ

ಸಂಘದ ಮಾಸಪತ್ರಿಕೆ ಬಂತು. ನನ್ನ ಕಾಲಂ — 'ಬಡಾಯಿ ಪ್ಲೇಟು'. ಹೆಸರು ಹಾಕಿಲ್ಲ, ಹಾಕುವ ಅಗತ್ಯವೂ ಇಲ್ಲ, ಎಲ್ಲರಿಗೂ ಗೊತ್ತು. ಜೊತೆಗೆ ಪ್ಲೇಟಿನ ಫೋಟೋ, ಅರ್ಧ ಪುಟ. ಬೆಳಿಗ್ಗೆಯಿಂದ ಹನ್ನೊಂದು ಫೋನು. ಸಂಘದ ಭೀಮಣ್ಣ ನಕ್ಕೂ ನಕ್ಕೂ ಕೆಮ್ಮು ಹತ್ತಿ ಫೋನ್ ಇಟ್ಟರು. ಸಾಹಿತ್ಯಸೇವೆ ಎಂದರೆ ಇದು.

ರುಕ್ಮಿಣಿ ಓದಿ ಮಡಿಸಿಟ್ಟಳು. ರದ್ದಿ ಪೇಪರಿನ ಕಟ್ಟಿನೊಳಗೆ. ಇದು ಅಪರೂಪ.

ಅಕ್ಟೋಬರ್ 5, ಭಾನುವಾರ. ಮಧ್ಯಾಹ್ನ

ಯೆರವಡಾದಿಂದ ಮಧುಕರ್ ಬಂದಿದ್ದ. ಬೆಂಗಳೂರಿನ ಹುಡುಗ, ಐಟಿ, ರೆಕಾರ್ಡ್ ಹುಚ್ಚು. ಪಟ್ಟದಾನೆಯನ್ನು ಕೈಗಿತ್ತೆ. ತಿರುಗಿಸಿದ. ಬೆಳಕಿಗೆ ಹಿಡಿದ. ನನ್ನ ಮುಖ ನೋಡಲಿಲ್ಲ.

"ಸಾರ್, ಬೇಜಾರ್ ಮಾಡ್ಕೋಬೇಡಿ. ಇದು ಬೂಟ್‌ಲೆಗ್."

ಅಂದರೆ ಕಳ್ಳ ಅಚ್ಚು. ನಾನು ನಕ್ಕೆ. ಅವನು ನಗಲಿಲ್ಲ.

"ಈ ಕಂಪನಿ ಒರಿಜಿನಲ್ಸ್ ಎಲ್ಲಾ ಸ್ಟೈರೀನ್ ಸಾರ್, ಒಂಥರಾ ಗಟ್ಟಿ ಪ್ಲಾಸ್ಟಿಕ್. ತಟ್ಟಿದ್ರೆ ಟಕ್ ಅನ್ನತ್ತೆ. ಲೇಬಲ್ ಗಮ್ ಹಾಕಿ ಅಂಟಿಸಿರ್ತಾರೆ. ಆಮೇಲೆ ಇಲ್ನೋಡಿ, ಹಾಡು ಮುಗಿದ್ಮೇಲೆ ಲೇಬಲ್ ಸುತ್ತ ಖಾಲಿ ಜಾಗ... ಒರಿಜಿನಲ್‌ನಲ್ಲಿ ನಂಬರ್ ಮೆಷಿನ್ನಲ್ಲಿ ಒತ್ತಿರತ್ತೆ, ಪಕ್ಕದಲ್ಲಿ ಒಂದು ಪುಟ್ಟ ಸ್ಟಾರ್. ನಿಮ್ಮದರಲ್ಲಿ ಯಾರೋ ಮೊಳೆಲಿ ಗೀಚಿದಾರೆ."

ಅವನು ಹೋದ ಮೇಲೆ ಮೊಬೈಲಿನಲ್ಲಿ ಪಾರವ್ವನ ಪ್ಲೇಟಿನ ಫೋಟೋ ತೆಗೆದೆ. ಎರಡು ಬೆರಳಿನಿಂದ ಹಿಗ್ಗಿಸಿದೆ. ಒತ್ತಿದ ನಂಬರು. ಪಕ್ಕದಲ್ಲಿ ನಕ್ಷತ್ರ.

ಪತ್ರಿಕೆಯಲ್ಲೂ ನೋಡಿದೆ. ಅಲ್ಲೂ ಇದೆ. ನನ್ನ ವಿರುದ್ಧದ ಸಾಕ್ಷಿಯನ್ನು ನಾನೇ ಅಚ್ಚು ಹಾಕಿಸಿ ಮನೆಮನೆಗೆ ಹಂಚಿದ್ದೇನೆ. ಸುಳ್ಳು ಸೇರಿನಲ್ಲಿ ಅಳೆದು, ಅಕ್ಕಿ ಕಡಿಮೆಯಿದೆ ಎಂದು ಕೂಗಿದವನು ನಾನು.

ಅಕ್ಟೋಬರ್ 7

ನಾಳೆ ಹೋಗಿ ಹೇಳುತ್ತೇನೆ.

ಅಕ್ಟೋಬರ್ 9

ನಾಳೆ. ಇವತ್ತು ಮೊಣಕಾಲು ನೋವು. (ಎಡಗಾಲೋ ಬಲಗಾಲೋ ಎಂದು ರುಕ್ಮಿಣಿ ಕೇಳಿದಳು. ತಡವರಿಸಿದೆ.)

ಅಕ್ಟೋಬರ್ 17, ಶುಕ್ರವಾರ

ಹೋದೆ. ಕೂತೆ. ಬಂದೆ. ಹೇಳಲಿಲ್ಲ.

ಗೋಡೆಯ ಮೇಲೆ ಮಲಕಪ್ಪನವರ ಫೋಟೋ. ಕೆಳಗೆ ಪುಟ್ಟ ಹಲಗೆ. ಅದರ ಮೇಲಿನ ಧೂಳಿನಲ್ಲಿ ಏನನ್ನೋ ಒರಗಿಸಿಟ್ಟಿದ್ದ ಗುರುತು. ನಾನು ನೋಡಿದ್ದನ್ನು ಪಾರವ್ವ ನೋಡಿದರು.

"ಪ್ಲೇಟು ಏನ್ರಿ? ಅಡಗಿಮನ್ಯಾಗ ಅದ. ಎಣ್ಣಿ ಡಬ್ಬಿ ಕೆಳಗ ಇಟ್ಟೀನಿ, ಕಟ್ಟಿ ಮ್ಯಾಲ ಜಿಡ್ಡು ಹತ್ತೂದಿಲ್ಲ." ಚಹಾ ಕೊಟ್ಟರು. "ನೀವು ಹೇಳಿದ್ದು ಛಲೋನ ಆತ್ರಿ ಸರ. ಪ್ರತಿ ಪುಣ್ಯತಿಥಿಗೆ ಅದನ್ನ ಹಚ್ಚತಿದ್ದೆ. ಒಂದು ಅಕ್ಷರ ತಿಳೀತಿದ್ದಿಲ್ಲ, ಆದ್ರೂ ಕೂತು ಕೇಳತಿದ್ದೆ. ಈ ಸಲ ಇಪ್ಪತ್ತಾರಕ್ಕ ಅದ. ಹಚ್ಚೂದಿಲ್ಲ. ಇದೊಂದು ಸುಳ್ಳು ಹೇಳಿದವರು ಇನ್ನ ಎಷ್ಟು ಹೇಳ್ಯಾರೋ ಅನಸ್ತದ್ರಿ..."

ಆಗ ಹೇಳಬೇಕಿತ್ತು. ಬಾಯಿ ತೆರೆದೆ. "ಚಹಾ ಚೆನ್ನಾಗಿದೆ" ಎಂದೆ.

ಹೊರಡುವಾಗ ದೀಪಾವಳಿ ಫರಾಳದ ಡಬ್ಬಿ ಕೊಟ್ಟರು, ಚಕ್ಕುಲಿ. ತಗೊಂಡೆ. ಅದನ್ನೂ ತಗೊಂಡೆ.

ಅಕ್ಟೋಬರ್ 18. ಬೆಳಿಗ್ಗೆ

"ಹೇಳಿದ್ರಾ?"

"ಸಂದರ್ಭ ಬರಲಿಲ್ಲ ಕಣೇ."

"ಚಕ್ಕುಲಿ ಇಸ್ಕೊಳ್ಳೋಕೆ ಬಂತು." ಡಬ್ಬಿಯನ್ನು ಮೇಲಿನ ಗೂಡಿಗೆ ಇಟ್ಟಳು. "ಹೇಳಿ ಬಂದ್ಮೇಲೆ ತಿನ್ನಿ."

ಅಕ್ಟೋಬರ್ 23

ಪತ್ರಿಕೆಗೆ ತಿದ್ದುಪಡಿ ಬರೆಯಲು ಕೂತೆ. ಮೊದಲ ಪ್ಯಾರಾದಲ್ಲೇ ಮೂರು ಜೋಕು. ಮೂರರಲ್ಲೂ ನಾನೇ ಪೆದ್ದ, ಮುದ್ದಾದ ಪೆದ್ದ. ಓದಿದವರು 'ಎಷ್ಟು ದೊಡ್ಡ ಮನಸ್ಸು' ಎನ್ನುವ ಹಾಗೆ. ಹರಿದು ಹಾಕಿದೆ. ಎರಡು ಸಾಲು ಬರೆದೆ — ಪ್ಲೇಟು ಅಸಲಿ. ಮಲಕಪ್ಪನವರು ಹೇಳಿದ್ದು ನಿಜ, ನಾನು ಬರೆದದ್ದು ತಪ್ಪು. ಕೆಳಗೆ ಪೂರ್ತಿ ಹೆಸರು. ಕಳಿಸಿದೆ.

ಸಂಪಾದಕರ ಫೋನ್: "ಶ್ರೀಕಂಠಯ್ಯನವ್ರ, ಇದರಾಗ ನಗು ಎಲ್ಲದ?"

ಇಲ್ಲ ಎಂದೆ.

ಅಕ್ಟೋಬರ್ 26, ಭಾನುವಾರ. ಮಧ್ಯಾಹ್ನ 1

ಹೇಳಿದೆ. ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ. ಒಳಗೆ ಹೋದರೆ ಮತ್ತೆ ಚಹಾ ಬರುತ್ತದೆ. ಮೊಬೈಲಿನ ಫೋಟೋದಲ್ಲಿ ನಕ್ಷತ್ರ ತೋರಿಸಿದೆ. ನನ್ನ ಪಟ್ಟದಾನೆಯನ್ನೂ ಒಯ್ದಿದ್ದೆ, ಅದರ ಮೊಳೆ ಗೀರನ್ನೂ ತೋರಿಸಿದೆ. ಗೊತ್ತಾಗಿ ಮೂರು ವಾರವಾಯಿತು, ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ ಎಂದೂ ಹೇಳಿದೆ.

ಪಾರವ್ವ ತಿರುಗಿದರು. ಒಳಗೆ ಹೋದರು. ಎಣ್ಣೆ ಡಬ್ಬಿ ಎತ್ತಿಟ್ಟ ಸದ್ದು. ಪ್ಲೇಟನ್ನು ಸೆರಗಿನಿಂದ ಒರೆಸುತ್ತ ಬಂದರು. ಲೇಬಲ್ಲಿನ ಮೇಲೆ ಎಣ್ಣೆಯ ಉಂಗುರ. ಅದು ಇನ್ನು ಹೋಗುವುದಿಲ್ಲ.

"ಚಕ್ಕುಲಿ ಒಯ್ದ ದಿನಾನೂ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಹ್ಞೂಂ." ಹಳೇ ಪ್ಲೇಯರಿನ ಮುಚ್ಚಳ ತೆಗೆದರು. ಪ್ಲೇಟು ಇಟ್ಟರು, ಹಚ್ಚಲಿಲ್ಲ. "ನನಗ ಹೇಳಿದ್ರಿ. ಪೇಪರಿನಾಗ ಹಾಕಸ್ತೀನಿ ಅಂತೀರಿ. ಸುಳ್ಳ ಮನಷ್ಯಾ ಅಂದದ್ದು ನನಗಲ್ಲಲ್ರಿ, ಸರ." ಫೋಟೋದ ಕಡೆ ಗದ್ದ ಎತ್ತಿದರು. "ಅವರಿಗೆ ಹೇಳ್ರಿ. ಆಮ್ಯಾಲ ಹಚ್ಚತೀನಿ."

ಚಪ್ಪಲಿ ಬಿಟ್ಟೆ. ಫೋಟೋದ ಎದುರು ನಿಂತೆ. ದಪ್ಪ ಕನ್ನಡಕ, ಜೇಬಿನಲ್ಲಿ ಸ್ಕ್ರೂಡ್ರೈವರು. ಇತ್ತ ಹದಿನೆಂಟು ವರ್ಷ ಜೋಕಿನ ಕಾಲಂ ಬರೆದವನ ಬಾಯಿ. ಪಾರವ್ವ ಮುಳ್ಳು ಎತ್ತಿ ಹಿಡಿದು ಕಾಯುತ್ತಿದ್ದರು.

"ಮಲಕಪ್ಪನವರೇ," ಎಂದೆ. ಆಮೇಲೆ ಪತ್ರಿಕೆಗೆ ಬರೆದ ಅದೇ ಎರಡು ಸಾಲು ಹೇಳಿದೆ; ಪಾರವ್ವ ಮುಳ್ಳು ಇಳಿಸಿದರು.